ತಟ್ಟೆಯಲ್ಲೇ ಕೈ ತೊಳೆದ ನೀರು

ರಾಗಿ ಮುದ್ದೆ ಉಂಡ ತಟ್ಟೆಯನ್ನು ಮಧ್ಯಾಹ್ನದಿಂದ ಸಂಜೆಯವರೆಗೆ ಹಾಗೆಯೇ ಬಿಟ್ಟರೆ ಏನಾಗುತ್ತದೆಂದು ನೀವು ನೋಡಿದ್ದೀರೋ ಇಲ್ಲವೋ, ಮುದ್ದೆ ತಿಂದೇ ಬೆಳೆದ ನಾನಂತೂ ಮೊನ್ನೆಮೊನ್ನೆಯವರೆಗೆ ನೋಡಿರಲಿಲ್ಲ. ನಮ್ಮ ಕಡೆ ಮುದ್ದೆಯನ್ನು ಹಿಟ್ಟು ಎಂದೇ ಕರೆಯುವುದು. ಉಣ್ಣುವಾಗ ಸಾರಿನಲ್ಲಿ ಹೊರಳಿ, ಹಲ್ಲಿಗೂ ತಿಳಿಯದಂತೆ ಗಂಟಲಿಗೆ ಜಾರುವ ಆ ಹಿಟ್ಟು, ತಟ್ಟೆಯ ಮೇಲೆ ಬೆರಳೆಳೆದ ಗೆರೆಗಳ ಸಮೇತ ಒಣಗಿ, ಹೊತ್ತಿಳಿಯುವ ವೇಳೆಗೆ ಗಾರೆಯವನು ಮೆತ್ತಿಹೋದ ಸಿಮೆಂಟಿನಂತೆ ಕೂತುಬಿಡುತ್ತದೆ. ಮಂಡ್ಯದ ನಮ್ಮ ಮನೆಗೆ ಬಂದ ಪಾತ್ರೆ ತೊಳೆಯುವ ಯಂತ್ರ, ಬಿಸಿನೀರು ಚಿಮ್ಮಿಸಿ, ಸೋಪಿನ ಬಿಲ್ಲೆ ಕರಗಿಸಿ, ಸಂಜೆಯೆಲ್ಲ ಹೊಟ್ಟೆಯೊಳಗೇ ಗುರುಗುಟ್ಟಿ, ಕೊನೆಗೆ ಬಾಗಿಲು ತೆರೆದು ಕೊಡುತ್ತಿದ್ದುದು ಕನ್ನಡಿಯಂಥ ತಟ್ಟೆಯನ್ನೇ; ಆದರೆ ಆ ಕನ್ನಡಿಯ ನಡುವೆ ನಕ್ಷೆಯ ದ್ವೀಪಗಳ ಹಾಗೆ ಕಂದುಬಣ್ಣದ ನಾಲ್ಕಾರು ಕಲೆಗಳು ಇದ್ದೇ ಇರುತ್ತಿದ್ದವು. ಉಗುರು ತಾಗಿಸಿದರೆ ಉಗುರೇ ಸೋಲುತ್ತಿತ್ತು.

ಇಷ್ಟಕ್ಕೆ ಇಷ್ಟುದ್ದ ಮಾತೇ ಎಂದು ನೀವು ಕೇಳಬಹುದು. ನಾಲ್ಕು ಕಲೆಯಿದ್ದರೆ ಇನ್ನೊಮ್ಮೆ ಉಜ್ಜಿದರಾಯಿತು. ಉಜ್ಜುವ ಕೈ ಯಾರದೆಂಬುದೇ ನನ್ನ ಮನೆಯ ಪ್ರಶ್ನೆಯಾಗಿತ್ತು, ಅದನ್ನು ಹೇಳಿಬಿಡುತ್ತೇನೆ.

ನನ್ನ ಹೆಂಡತಿ ಸುಜಾತ ಸೀರೆಗೆ ಕುಚ್ಚು ಕಟ್ಟುತ್ತಾಳೆ. ಸೆರಗಿನ ಅಂಚಿನ ನೂಲುಗಳನ್ನು ಬಿಡಿಸಿ, ಎಳೆಯೆಳೆಯಾಗಿ ಎತ್ತಿ, ರೇಷ್ಮೆ ದಾರ ಸುತ್ತಿ, ಮಣಿ ಕೂರಿಸಿ ಗಂಟು ಹಾಕುವ ಆ ಕೆಲಸಕ್ಕೆ ಕಣ್ಣಿಗಿಂತ ಬೆರಳು ಮುಖ್ಯ. ಬೆರಳ ತುದಿ ನುಣುಪಾಗಿರಬೇಕು. ಒರಟಾದರೆ ರೇಷ್ಮೆ ಹಿಡಿದುಕೊಳ್ಳುತ್ತದೆ, ಹಿಡಿದುಕೊಂಡರೆ ಎಳೆ ಕಿತ್ತುಬರುತ್ತದೆ, ಕಿತ್ತುಬಂದ ಎಳೆ ಸೆರಗಿನುದ್ದಕ್ಕೂ ಸುಕ್ಕು ಬೀಳಿಸುತ್ತದೆ. ನಾನು ಮಳವಳ್ಳಿಯಲ್ಲಿ, ಆಮೇಲೆ ಮದ್ದೂರಿನಲ್ಲಿ ಹೈಸ್ಕೂಲು ಮೇಷ್ಟ್ರಾಗಿ ಊರೂರು ತಿರುಗುವಾಗಲೇ ಅವಳು ಈ ಕೆಲಸ ಕಲಿತದ್ದು. ಮೇಷ್ಟ್ರ ಹೆಂಡತಿ ಎಂದು ಗುರುತಿಸುತ್ತಿದ್ದ ಊರುಗಳು ನೋಡನೋಡುತ್ತ ನನ್ನನ್ನು ಕುಚ್ಚು ಕಟ್ಟುವ ಸುಜಾತಮ್ಮನ ಯಜಮಾನರು ಎಂದು ಗುರುತಿಸತೊಡಗಿದವು. ಆ ಬಡ್ತಿ ನನಗೆ ಹಿತವಾಗಿಯೇ ಇತ್ತು.

ಎರಡು ಮಳೆಗಾಲದ ಹಿಂದೆ ಅವಳ ಬೆರಳುಗಳು ಒಡೆಯತೊಡಗಿದವು. ಚರ್ಮದ ಡಾಕ್ಟರು ಮುಲಾಮು ಕೊಟ್ಟು, ಸೋಪಿನ ನೀರನ್ನು ಮುಟ್ಟಲೇಬೇಡಿ ಅಂದರು. ರಬ್ಬರಿನ ಕೈಗವಸು ಹಾಕಿಕೊಂಡರೆ ಬೆವರಿಗೆ ಇನ್ನಷ್ಟು ಕೆರೆತ. ಪಾತ್ರೆಗೆ ಬರುತ್ತಿದ್ದಾಕೆ ಹನಕೆರೆಯ ಮಗಳ ಮನೆಗೆ ಹೋದವಳು ಅಲ್ಲೇ ನಿಂತಳು. ಆಗ ಸುಜಾತ ತನ್ನ ಕುಚ್ಚಿನ ದುಡಿಮೆಯಲ್ಲೇ ಈ ಯಂತ್ರವನ್ನು ತಂದಳು. ಅದು ಬಂದ ವಾರದಲ್ಲೇ ನಮ್ಮೂರು ಹೊಳಲಿನಿಂದ ನನ್ನ ಅಣ್ಣ ತನ್ನ ಮಗಳು ರಮ್ಯಳ ಧಾರೆ ಸೀರೆಯನ್ನೂ ತಂದುಕೊಟ್ಟು ಹೋದ. ಚಿಕ್ಕಮ್ಮನೇ ಕಟ್ಟಬೇಕು, ಬೇರೆ ಯಾರ ಕೈಯೂ ಬೇಡ ಎಂಬುದು ಹುಡುಗಿಯ ಹಟ. ಸುಜಾತ ಒಂದು ಮಧ್ಯಾಹ್ನ ಸೆರಗು ಬಿಡಿಸಿಕೊಂಡು ಕೂತಳು. ಮೊದಲ ಕುಚ್ಚಿಗೇ ಕೆಂಪು ಎಳೆಯೊಂದು ಅವಳ ಹೆಬ್ಬೆರಳ ಬಿರುಕಿಗೆ ಸಿಕ್ಕಿ ಜಗ್ಗಿತು. ಬಹಳ ಹೊತ್ತು ಸೂಜಿಯ ತುದಿಯಿಂದ ಆ ಎಳೆಯನ್ನು ಅದರ ಜಾಗಕ್ಕೆ ಸೇರಿಸಿ, ಸೀರೆಯನ್ನು ಮಡಿಸಿ, ಬೀರುವಿನ ಮೇಲಿನ ಅರೆಯಲ್ಲಿಟ್ಟಳು.

“ಕೈ ಹಿಂಗೇ ಇದ್ರೆ ಭಾವಂಗೆ ಹೇಳ್ಬುಡಿ, ಮೈಸೂರಲ್ಲಿ ಯಾರ್ಗಾದ್ರೂ ಕೊಡ್ಲಿ. ಮದುವೆ ಸೀರೆ. ಹಾಳು ಮಾಡಿ ಕೊಡಕ್ಕಾಗಾಕಿಲ್ಲ,” ಅಂದಳು. ದನಿಯಲ್ಲಿ ಅಳು ಇರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಹೀಗಾಗಿ, ಯಂತ್ರ ಬಿಟ್ಟ ಪ್ರತಿಯೊಂದು ಕಲೆಯನ್ನೂ ಮತ್ತೆ ಸೋಪು ಹಚ್ಚಿ ಉಜ್ಜುತ್ತಿದ್ದ ಆ ಒಡೆದ ಬೆರಳುಗಳಿಗೋಸ್ಕರ ನಾನು ಯಂತ್ರದ ಹಿಂದೆ ಬಿದ್ದೆ. ನಾನು ಉಜ್ಜುತ್ತೇನೆ ಅಂದರೆ ಅವಳು ಬಿಡುತ್ತಿರಲಿಲ್ಲ. ನಾನು ಉಜ್ಜಿದ್ದನ್ನು ಅವಳು ಮತ್ತೊಮ್ಮೆ ಉಜ್ಜುತ್ತಿದ್ದಳು, ಅದರಲ್ಲಿ ನ್ಯಾಯವೂ ಇತ್ತು. ಪಾಠ ಹೇಳಿದವನಿಗೆ ವಿಜ್ಞಾನ ಕೈಬಿಡಲಾರದೆಂಬ ನಂಬಿಕೆಯಿಂದ ಯಂತ್ರದ ತಳದ ಜರಡಿಯನ್ನು ಕಳಚಿದೆ. ಸಾಸಿವೆ, ಕರಿಬೇವಿನ ಕಡ್ಡಿ, ಅವರೆಕಾಳಿನ ಸಿಪ್ಪೆ, ಒಂದು ಲವಂಗ. ನಮ್ಮ ಮನೆಯ ವಾರದ ಅಡುಗೆಯೆಲ್ಲ ಅಲ್ಲಿ ಬರೆದಿಟ್ಟಂತಿತ್ತು. ತೊಳೆದೆ. ನೀರು ಚಿಮ್ಮುವ ರೆಕ್ಕೆಗಳ ತೂತುಗಳನ್ನು ಗುಂಡುಸೂಜಿಯಿಂದ ಬಿಡಿಸಿದೆ. ನಮ್ಮ ಬೋರ್‌ವೆಲ್ಲಿನ ಗಡಸು ನೀರಿಗೆ ಯಂತ್ರಕ್ಕೆಂದೇ ಮಾರುವ ಉಪ್ಪನ್ನು ಹೊಯ್ದೆ.

ಹಿತ್ತಿಲ ಬಾಗಿಲ ಬಳಿ ಮಣೆಯ ಮೇಲೆ ಕೂತು ಇದನ್ನೆಲ್ಲ ನೋಡುತ್ತಿದ್ದ ಅವ್ವ, “ಅದ್ಕೂ ಉಪ್ಪು ಆಕ್ಬೇಕೇನ್ಲಾ?” ಅಂದಳು.

“ಊಂ ಕಣವ್ವ.”

“ಖಾರ?”

ಮಂಡಿ ನೋವಿನ ಔಷಧಿಗೆಂದು ಹೊಳಲಿನಿಂದ ಬಂದು ನಮ್ಮಲ್ಲಿದ್ದ ಅವ್ವನಿಗೆ ಈ ಯಂತ್ರ ಒಳ್ಳೆಯ ಹೊತ್ತು ಕಳೆಯುವ ಬಾಬತ್ತಾಗಿತ್ತು. “ಇಷ್ಟೊತ್ತು ಒಳಗೇ ಗುದ್ದಾಡ್ತದೆ, ಒಂದ್ ತಟ್ಟೇಲಿರೋ ಇಟ್ಟು ಬುಡ್ಸಾಕಿಲ್ಲ. ನಿಮ್ಮಪ್ಪನ ಜಾತಿ ಕಣ್ಲಾ ಇದು,” ಎಂದು ಒಮ್ಮೆ ತೀರ್ಪು ಕೊಟ್ಟಿದ್ದಳು.

ಮೈಸೂರಿನಿಂದ ಮೆಕ್ಯಾನಿಕ್ಕೂ ಬಂದ. ಸಭ್ಯ ಮನುಷ್ಯ. ಎಲ್ಲವನ್ನೂ ಬಿಚ್ಚಿ ಜೋಡಿಸಿ, ಬೆಳಗಿನ ಇಡ್ಲಿ ತಟ್ಟೆಗಳನ್ನು ಹಾಕಿ ತಿರುಗಿಸಿ ತೋರಿಸಿದ. ಮುತ್ತಿನಂತೆ ಬಂದವು. ಅನ್ನದ ತಟ್ಟೆ ಹಾಕಿದರೂ ಅಷ್ಟೇ. “ಯಂತ್ರದ್ದೇನೂ ತಪ್ಪಿಲ್ಲ ಸಾರ್. ಕೆರೆದು ಹಾಕಿ, ಸಾಕು,” ಎಂದು ಹೇಳಿ, ಕಾಫಿ ಕುಡಿದು ಹೋದ. ನಾವು ಕೆರೆದೇ ಹಾಕುತ್ತಿದ್ದೆವು. ಕೆರೆದ ಮೇಲೂ ಉಳಿಯುವ ತೆಳು ಪದರವೇ ಒಣಗಿ ಹಠ ಹಿಡಿಯುತ್ತಿದ್ದುದು. ಯಂತ್ರ ತುಂಬಿದ ಮೇಲೆ ತಿರುಗಿಸಬೇಕೆಂದು ಮಧ್ಯಾಹ್ನದ ತಟ್ಟೆ ಸಂಜೆಯ ತನಕ ಅದರೊಳಗೆ ಕಾಯಬೇಕಿತ್ತು.

ಹೀಗಿರುವಾಗ ನನಗೊಂದು ಸಂಗತಿ ಕಣ್ಣಿಗೆ ಬಿತ್ತು. ಕಲೆಯಿಲ್ಲದ ತಟ್ಟೆಯೊಂದು ಪ್ರತಿ ಸಂಜೆಯೂ ಇರುತ್ತಿತ್ತು. ಅದು ಅವ್ವನ ಅಗಲ ಅಂಚಿನ ತಟ್ಟೆ. ಅವಳೂ ನಮ್ಮಷ್ಟೇ ಹಿಟ್ಟು ಉಣ್ಣುತ್ತಿದ್ದಳು, ಅದೇ ಸಾರಿನಲ್ಲಿ. ಯಂತ್ರದಲ್ಲಿ ಅದನ್ನಿಡುವ ಜಾಗದ ಮಹಿಮೆ ಇರಬೇಕೆಂದು ನನ್ನ ತಟ್ಟೆಯನ್ನು ಅಲ್ಲಿಟ್ಟೆ, ಅವಳದನ್ನು ಮೂಲೆಗೆ ತಳ್ಳಿದೆ. ಮೂಲೆಯಲ್ಲೂ ಅದು ಶುಭ್ರವಾಗಿಯೇ ಬಂತು. ನನ್ನದು ದ್ವೀಪಗಳನ್ನು ಹೊತ್ತೇ ಬಂತು. ಅಷ್ಟೂ ದಿನ ಯಂತ್ರವನ್ನೇ ನೋಡುತ್ತಿದ್ದ ನಾನು ಮರುದಿನ ಊಟವನ್ನು ನೋಡಿದೆ.

ನಾವಿಬ್ಬರೂ ಉಂಡು, ಎದ್ದು, ಮೂಲೆಯ ಬೇಸಿನ್ನಿಗೆ ಹೋಗಿ ಕೈ ತೊಳೆದೆವು. ಅವ್ವ ಏಳಲಿಲ್ಲ. ಮಂಡಿ ಹಿಡಿದವಳಿಗೆ ಬೇಸಿನ್ನು ದೂರ. ಚೊಂಬಿನ ನೀರನ್ನು ತಟ್ಟೆಯ ಮೇಲೇ ಕೈಗೆ ಹೊಯ್ದುಕೊಂಡು, ಬೆರಳ ಸಂದಿಯ ಹಿಟ್ಟನ್ನು ಬಿಡಿಸಿಕೊಳ್ಳುತ್ತ, ಅದೇ ಬೆರಳುಗಳಿಂದ ತಟ್ಟೆಯನ್ನೂ ಒಂದು ಸುತ್ತು ಸವರಿ, ಆ ನೀರನ್ನು ಕೂತಲ್ಲಿಂದಲೇ ಹಿತ್ತಿಲ ತೆಂಗಿನ ಸಸಿಯ ಪಾತಿಗೆ ಚೆಲ್ಲಿದಳು. ಊಟ ಮುಗಿಸುವ ಅದೊಂದು ವಿಧಾನ ಅಷ್ಟೇ. ಊರಿನಲ್ಲಿ ಎಲ್ಲರೂ ಹಾಗೆಯೇ ಮುಗಿಸುತ್ತಿದ್ದೆವು. ಹಿಟ್ಟು ಒಣಗುವುದಕ್ಕೆ ಅವಕಾಶವೇ ಇರುತ್ತಿರಲಿಲ್ಲ.

“ಅವ್ವ, ನಿನ್ನ ತಟ್ಟೆ ಮಾತ್ರ ಯಾಕೆ ಚೆನ್ನಾಗಿ ಬರ್ತದೆ ಗೊತ್ತಾ?” ಅಂದೆ.

“ನಂಗೇನ್ ಗೊತ್ತಾದದು ನಿಮ್ ಮಿಸೀನು. ನನ್ ಕಂಡ್ರೆ ಪಿರೀತಿ ಇರ್ಬೇಕು,” ಅಂದಳು.

ಇಲ್ಲಿ ನನ್ನ ಮನಸ್ಸು ಹೊಳಲಿನ ಹಟ್ಟಿಯವರೆಗೂ ಹೋಗಿಬಂತೆಂದು ನಿಮ್ಮೆದುರು ಒಪ್ಪಿಕೊಳ್ಳಬೇಕು. ಅಲ್ಲಿ ಪಾತ್ರೆ ತೊಳೆಯುವುದೆಂದರೆ ಎರಡು ಕೆಲಸ. ಮೊದಲನೆಯದಕ್ಕೆ ಬೂದಿಯಿಲ್ಲ, ಸೋಪಿಲ್ಲ, ಬರಿಯ ನೀರು. ಹಿಟ್ಟಿನ ತಪ್ಪಲೆ ತೊಳೆದದ್ದು, ಅಕ್ಕಿ ತೊಳೆದದ್ದು, ತಟ್ಟೆಗಳಲ್ಲಿ ಕೈ ತೊಳೆದದ್ದು ಎಲ್ಲ ಒಂದು ಬಾನಿಗೆ ಸೇರಿ ಕಲಗಚ್ಚು ಎನಿಸಿಕೊಳ್ಳುತ್ತಿತ್ತು, ಎಮ್ಮೆಗಳು ಅದಕ್ಕೆ ಮೂತಿ ಚಾಚಿ ಸೊರ್ರೆಂದು ಹೀರುತ್ತಿದ್ದವು. ಆಮೇಲೆ ಬೂದಿ, ತೆಂಗಿನ ನಾರು, ಎರಡನೆಯ ತೊಳೆತ. ಊಟದ ಶೇಷಕ್ಕೆ ಹೀಗೆ ಒಂದು ಬಾಯಿ ಕಾದಿರುತ್ತಿತ್ತು. ಪಟ್ಟಣಕ್ಕೆ ಬಂದ ನಾವು ಎಮ್ಮೆಯನ್ನು ಬಿಟ್ಟೆವು, ಬಾನಿಯನ್ನು ಬಿಟ್ಟೆವು, ಆಮೇಲೆ ಆ ಮೊದಲ ತೊಳೆತವೊಂದು ಇತ್ತೆಂಬುದನ್ನೂ ಮರೆತೆವು. ಎರಡನೆಯದನ್ನು ಮಾತ್ರ ಯಂತ್ರಕ್ಕೆ ವಹಿಸಿ, ಮೊದಲನೆಯದೂ ಅದರಿಂದಲೇ ಆಗಲೆಂದು ಕಾಯುತ್ತ ಕೂತೆವು. ಇಡ್ಲಿ ಉಣ್ಣುವ ಮನೆಗೆ ಈ ಮರೆವು ಬಾಧಿಸುವುದಿಲ್ಲ. ಹಿಟ್ಟು ಉಣ್ಣುವ ಮನೆ ಮಾತ್ರ ಸಿಕ್ಕಿಬೀಳುತ್ತದೆ.

ಯೋಚನೆ ಚೆನ್ನಾಗಿಯೇ ಬಂತು ಎಂದುಕೊಂಡೆ. ಕೆಲವು ದಿನ ಸದ್ದಿಲ್ಲದೆ ನನ್ನ ತಟ್ಟೆಯಲ್ಲೇ ಕೈ ತೊಳೆದು, ನೀರು ಚೆಲ್ಲಿ, ಯಂತ್ರಕ್ಕಿಟ್ಟು ನೋಡಿದೆ. ಅವ್ವನದರ ಪಕ್ಕದಲ್ಲಿ ನನ್ನದೂ ಹೊಳೆಯಿತು. ಸುಜಾತಳದರಲ್ಲಿ ಮಾತ್ರ ಕಲೆ. ಸಾಕ್ಷಿ ಸಮೇತ ಅವಳ ಮುಂದೆ ಎರಡೂ ತಟ್ಟೆ ಹಿಡಿದು, ನನ್ನ ಕಲಗಚ್ಚಿನ ವ್ಯಾಖ್ಯಾನವನ್ನೂ ಹೇಳಿ, “ಇನ್ನು ಮೇಲೆ ಎಲ್ಲರೂ ತಟ್ಟೆಯಲ್ಲೇ ಕೈ ತೊಳೆಯೋದು. ನಿನಗೆ ಸೋಪು ಮುಟ್ಟೋ ಕೆಲಸವೇ ಇಲ್ಲ,” ಅಂದೆ.

ಅವಳು ಹಿಗ್ಗುತ್ತಾಳೆಂದು ನಾನು ಕಾದೆ. ಅವಳು ತಟ್ಟೆಯನ್ನು ತಿರುಗಿಸಿ ನೋಡಿ, ಕೆಳಗಿಟ್ಟಳು.

“ಆ ನೀರ್ನ ಯಾರು ಎತ್ತೋರು?” ಅಂದಳು.

ನಾನು ಕೈಲಿದ್ದ ಇನ್ನೊಂದು ತಟ್ಟೆಯನ್ನೂ ಕೆಳಗಿಟ್ಟೆ.

“ಈ ಮನೆ ಕಟ್ಟುವಾಗ ನಾನು ಬೇರೇನೂ ಕೇಳ್ನಿಲ್ಲ, ಬೇಸಿನ್ನು ಒಂದು ಕೇಳ್ದೆ. ನೆಪ್ಪೈತಾ? ಯಾಕೆ ಅಂತ ನೀವು ಕೇಳ್ನಿಲ್ಲ. ಹೊಳಲಲ್ಲಿ ಗಂಡಸ್ರು ಉಂಡು, ತಟ್ಟೇಲಿ ಕೈ ತೊಳೆದು, ಎದ್ದು ಓಗ್ಬುಡ್ತಿದ್ರಿ. ಒಣಗಿದ ತಟ್ಟೆ ಆದ್ರೆ ಒಂದರ ಮೇಲೊಂದು ಪೇರಿಸ್ಕೊಂಡು ಬರ್ಬೋದು. ನೀರು ತುಂಬಿದ್ದ ಒಂದೊಂದೇ ಎತ್ಬೇಕು. ಇನ್ನೊಬ್ರು ಎಂಜಲು ತೇಲೋ ನೀರು. ನನ್ನ ಊಟ ಅದಾದ್ಮೇಲೆ. ಕೈ ಒಡೆದ್ರೂ ಪರವಾಗಿಲ್ಲ, ಅದು ನಂಗೆ ಬ್ಯಾಡ.”

ಮಾತು ಮುಗಿಯಿತೆಂದು ನಾನಂದುಕೊಳ್ಳುವಷ್ಟರಲ್ಲಿ ಹಿತ್ತಿಲ ಬಾಗಿಲಿನಿಂದ ಅವ್ವನ ದನಿ ಬಂತು. ಸೊಸೆಯನ್ನು ಗದರುತ್ತಾಳೆಂದು ನಾನು ಹೆದರಿದೆ.

“ದಿಟ ಕಣವ್ವ,” ಅಂದಳು ಅವ್ವ. “ನಾನೂ ಎತ್ತಿವ್ನಿ. ನಿಮ್ ಮಾವುಂದು, ಅವ್ರಪ್ಪುಂದು, ಬಂದೋರ್ದು ಓದೋರ್ದು. ನೀನು ಬಂದ್ಮೇಲೆ ನಿಂಗೆ ದಾಟಿಸ್ದೆ. ಬ್ಯಾಡ ಅನ್ನಬೋದು ಅಂತ ನಂಗೆ ಒಳೀಲೇ ಇಲ್ಲ.” ಮಂಡಿ ನೀವಿಕೊಳ್ಳುತ್ತ, “ಕಲಗಚ್ಚು ಕುಡಿಯೋ ಎಮ್ಮೆ ನೆಪ್ಪೈತೆ ಇವ್ನಿಗೆ, ಎತ್ಕಂಡು ಓಗಿ ಉಯ್ಯೋಳು ನೆಪ್ಪಿಲ್ಲ,” ಎಂದು ನನ್ನ ಕಡೆ ನೋಡದೆಯೇ ಸೇರಿಸಿದಳು.

ಅತ್ತೆ ಸೊಸೆ ಇಬ್ಬರೂ ಒಂದೇ ಪಕ್ಷಕ್ಕೆ ಸೇರಿದ ಮನೆಯಲ್ಲಿ ಗಂಡಸಿಗೆ ಉಳಿಯುವ ಜಾಗ ಕಡಿಮೆ. ಆ ಜಾಗದಲ್ಲಿ ಕೂತು ನಾನು ಯೋಚಿಸಿದೆ. ಹಳೆಯದೊಂದನ್ನು ಹೊಗಳಲು ಹೊರಟಾಗ ನಾವು ಅದರ ಬಾನಿಯನ್ನು, ಎಮ್ಮೆಯನ್ನು, ಬೂದಿಯ ನುಣುಪನ್ನು ತಂದು ಜೋಡಿಸುತ್ತೇವೆ. ಅವುಗಳ ನಡುವೆ ಓಡಾಡುತ್ತಿದ್ದ ಕಾಲುಗಳು ಮಾತ್ರ ಚಿತ್ರದಿಂದ ಹೊರಗುಳಿದುಬಿಡುತ್ತವೆ. ತಟ್ಟೆಯಿಂದ ಬಾನಿಗೆ ಆ ನೀರು ತಾನಾಗಿ ನಡೆದುಹೋಗುತ್ತಿತ್ತೆಂದು ನಾನು ನಂಬಿದ್ದೆನೇ? ನಂಬಿರಲಿಲ್ಲ. ಅದರ ಬಗ್ಗೆ ನಂಬುವ ಗೋಜಿಗೇ ಹೋಗಿರಲಿಲ್ಲ. ಹೊಸ ಯಂತ್ರವಾದರೂ ಆ ದೃಷ್ಟಿಯಿಂದ ಪ್ರಾಮಾಣಿಕವಾದದ್ದು: ತಾನು ಮಾಡಲಾರದ ಕೆಲಸವನ್ನು ತಟ್ಟೆಯ ಮೇಲೆ ಹಾಗೆಯೇ ಉಳಿಸಿ, ಇದನ್ನು ಇಷ್ಟು ವರ್ಷ ಯಾರು ಮಾಡುತ್ತಿದ್ದರು ನೋಡಿಕೊಳ್ಳಿ ಎಂದು ಬಾಗಿಲು ತೆರೆದು ತೋರಿಸುತ್ತದೆ.

ಸುಜಾತ ಕೊನೆಗೆ ತಾನೇ ಒಂದು ಕಟ್ಟಳೆ ಮಾಡಿದಳು. ತಟ್ಟೆಯಲ್ಲಿ ಕೈ ತೊಳೆಯುವುದಾದರೆ ತೊಳೆಯಬಹುದು. ತೊಳೆದವರೇ ಆ ತಟ್ಟೆಯನ್ನು ಎತ್ತಿ, ಹಿತ್ತಿಲ ಬಾಗಿಲ ಬಕೆಟ್ಟಿಗೆ ಸುರಿದು, ಯಂತ್ರದೊಳಗೆ ನಿಲ್ಲಿಸಿ ಬರಬೇಕು. ಅವಳು ಯಾರ ತಟ್ಟೆಯನ್ನೂ ಮುಟ್ಟುವುದಿಲ್ಲ. ಯಾರೇ ಬಂದರೂ ಸರಿ. ಬಕೆಟ್ಟಿನ ನೀರು ತೆಂಗಿನ ಸಸಿಗೆ. ಏಳಲಾರದ ಅವ್ವನ ತಟ್ಟೆಯನ್ನು ನಾನು ಒಯ್ದಿಡಬೇಕು. ಹಿಟ್ಟು ತಿರುವಿದ ತಪ್ಪಲೆ ಯಂತ್ರದಲ್ಲಿ ಹಿಡಿಸುವುದಿಲ್ಲವಾದ್ದರಿಂದ ಅದು ನನ್ನ ಪಾಲಿಗೆ, ಮತ್ತು ನಾನು ತೊಳೆದದ್ದನ್ನು ಅವಳು ಮತ್ತೆ ಉಜ್ಜುವಂತಿಲ್ಲ ಎಂಬುದು ನಾನು ಸೇರಿಸಿದ ಷರತ್ತು. ಕೊನೆಯದನ್ನು ಪಾಲಿಸುವುದು ಅವಳಿಗೆ ಬಹಳ ಕಷ್ಟವಾಯಿತು. ತಪ್ಪಲೆಯನ್ನು ಕಂಡರೆ ಮುಖ ಆಚೆ ತಿರುಗಿಸಿಕೊಂಡು ಹೋಗುತ್ತಿದ್ದಳು.

ಬೆರಳು ಕೂಡಲೇ ಮಾತು ಕೇಳಲಿಲ್ಲ. ಮೊದಲು ಕೆಂಪು ಇಳಿಯಿತು, ಆಮೇಲೆ ಬಿರುಕಿನ ಬಾಯಿ ಮುಚ್ಚಿತು, ಹೊಸ ಚರ್ಮ ಬಂತು. ಆಗಾಗ ಅವಳು ಬೀರುವಿನಿಂದ ಒಂದು ತುಂಡು ರೇಷ್ಮೆ ದಾರ ತೆಗೆದು, ಹೆಬ್ಬೆರಳ ಮೇಲೆ ಎಳೆದು ನೋಡಿ, ಮತ್ತೆ ಒಳಗಿಡುತ್ತಿದ್ದಳು. ಒಂದು ದಿನ ದಾರವನ್ನು ಒಳಗಿಡದೆ ಸೀರೆಯನ್ನು ಹೊರಗೆ ತೆಗೆದಳು. ಮದುವೆ ಹತ್ತಿರ ಬಂದಿತ್ತು.

ಅಣ್ಣ ಸೀರೆ ಒಯ್ಯಲು ಬಂದದ್ದು ಒಂದು ಭಾನುವಾರ. ಇನ್ನೂ ಕೆಲವು ಕುಚ್ಚು ಉಳಿದಿದ್ದವು. ಸುಜಾತ ಹಜಾರದ ಕಿಟಕಿಯ ಕೆಳಗೆ ಚಾಪೆ ಹಾಸಿ, ಸೆರಗನ್ನು ತೊಡೆಯ ಮೇಲೆ ಹರಡಿಕೊಂಡು ಕೂತಿದ್ದಳು. “ಉಂಡ್ಕೊಂಡು ಕೂತ್ಕಳಿ ಭಾವ, ಅಷ್ಟರಲ್ಲಿ ಆಯ್ತದೆ,” ಅಂದಳು. ನಾನೇ ಹಿಟ್ಟು, ಸೊಪ್ಪಿನ ಸಾರು ಬಡಿಸಿದೆ. ಅಣ್ಣ, ನಾನು ಮೇಜಿನ ಬಳಿ. ಅವ್ವ ತನ್ನ ಮಣೆಯ ಮೇಲೆ. ಚಪ್ಪರ, ಅಡುಗೆಯವರು, ಬೀಗರ ಕಡೆಯವರ ಬಿಗುಮಾನ ಎಲ್ಲವೂ ಮಾತಿನಲ್ಲಿ ಬಂದುಹೋದವು. ಊಟ ಮುಗಿಯಿತು. ನಾನು ಚೊಂಬು ಮುಂದಿಟ್ಟು, ತಟ್ಟೆಯಲ್ಲೇ ಕೈ ತೊಳೆದೆ. ಅಣ್ಣನ ಮುಖ ಅರಳಿತು.

“ಪರವಾಗಿಲ್ಲ ಕಣ್ಲಾ, ಮೇಷ್ಟ್ರು ಮನೇಲೂ ಇಂಗೆ ಕೈ ತೊಳ್ಯಂಗಾಯ್ತು. ಆ ಮೂಲೆ ನಲ್ಲಿಗೆ ಓಗಿ ಕೈಯೊಡ್ಕೊಂಡು ನಿಂತ್ಕಳಾದು ನಂಗೆ ಉಂಡಂಗೇ ಆಯ್ತಿರ್ನಿಲ್ಲ,” ಎನ್ನುತ್ತ ಧಾರಾಳವಾಗಿ ನೀರು ಹೊಯ್ದುಕೊಂಡು, ಸಾವಕಾಶವಾಗಿ ಬೆರಳುಗಳನ್ನು ಉಜ್ಜಿ, ಹೆಗಲ ಟವೆಲ್ಲಿಗೆ ಒರೆಸಿಕೊಂಡು ಎದ್ದ.

ನಾನು ನನ್ನ ತಟ್ಟೆಯನ್ನೆತ್ತಿಕೊಂಡು ಹೋಗಿ ಬಕೆಟ್ಟಿಗೆ ಸುರಿದು ಬಂದೆ. ಅಣ್ಣ ಇನ್ನೂ ನಿಂತೇ ಇದ್ದ. ನನ್ನನ್ನು ನೋಡಿದ, ಅಡುಗೆಮನೆಯ ಬಾಗಿಲನ್ನು ನೋಡಿದ, ಆಮೇಲೆ ಅಭ್ಯಾಸದಂತೆ ಸುಜಾತ ಕೂತ ಕಡೆ ನೋಡಿದ. ಒಳ್ಳೆಯವನು ನನ್ನ ಅಣ್ಣ. ಆ ನೋಟದಲ್ಲಿ ಅಧಿಕಾರ ಇರಲಿಲ್ಲ. ಆದರೆ ಆ ನೋಟ ಬಿದ್ದರೆ ಯಾವ ಹೆಂಗಸೇ ಆಗಲಿ ಏಳುತ್ತಿದ್ದುದನ್ನು ನಾನು ಹುಟ್ಟಿದಾಗಿನಿಂದ ಕಂಡಿದ್ದೆ. ಸುಜಾತಳ ಮಂಡಿ ಒಂದು ಚೂರು ಅಲುಗಿತು. ಬಂದ ಮನುಷ್ಯ, ಹಿರಿಯ, ಮಗಳ ಮದುವೆಗೆ ಸೀರೆ ಒಯ್ಯಲು ಬಂದವನು. ಯಾರೇ ಬಂದರೂ ಸರಿ ಎಂಬ ಅವಳ ಕಟ್ಟಳೆ ಇವತ್ತೇ ಮುರಿದರೆ ಮತ್ತೆ ಎದ್ದು ನಿಲ್ಲುವುದಿಲ್ಲವೆಂದು ನನಗೆ ಗೊತ್ತಿತ್ತು, ಅವಳಿಗಿನ್ನೂ ಚೆನ್ನಾಗಿ ಗೊತ್ತಿತ್ತು. ಮುಜುಗರ ತಪ್ಪಿಸಲು ನಾನೇ ಅಣ್ಣನ ತಟ್ಟೆಗೆ ಕೈ ಚಾಚಿದೆ.

“ಬುಡ್ಲಾ ಅದ,” ಅಂದಳು ಅವ್ವ.

ಕೈ ಹಿಂದಕ್ಕೆ ತೆಗೆದುಕೊಂಡೆ.

ಸುಜಾತ ಸೆರಗಿನಿಂದ ಕಣ್ಣೆತ್ತದೆ, ಮೆಲ್ಲಗೆ, “ಭಾವ, ತಟ್ಟೆ ನೀವೇ ಎತ್ಬೇಕು. ಬಕೆಟ್ಟು ಹಿತ್ತಿಲ ಬಾಗಿಲತ್ರ ಐತೆ,” ಅಂದಳು.

“ನಾನಾ?”

“ಊಂ. ನನ್ನ ಕೈಲಿ ನಿಮ್ ಮಗಳ ಸೀರೆ ಐತೆ.”

ಅಣ್ಣ ಅವಳ ಕೈಯನ್ನು ನೋಡಿದ. ಆ ಬೆರಳುಗಳು ಹೋದ ಸಲ ಹೇಗಿದ್ದವೆಂದು ಅವನು ಕಂಡಿದ್ದ. ಟವೆಲ್ಲನ್ನು ಹೆಗಲಿಗೆ ಸರಿಯಾಗಿ ಹಾಕಿಕೊಂಡು, ಬಗ್ಗಿ, ಎರಡೂ ಕೈಯಿಂದ ತಟ್ಟೆಯನ್ನೆತ್ತಿದ. ಅಂಚಿನವರೆಗೆ ನೀರಿತ್ತು. ಗದ್ದೆಯ ಬದುವಿನ ಮೇಲೆ ಹೊರೆ ಹೊತ್ತು ಓಡಿಯಾಡಿದ ಕಾಲುಗಳು ಆ ಹಜಾರವನ್ನು ದಾಟಲು ಅಳೆದಳೆದು ನಡೆದವು. ತಟ್ಟೆ ಆ ಕಡೆ ವಾಲಿತು, ಈ ಕಡೆ ವಾಲಿತು, ಕೊನೆಗೆ ಅವನ ಬಿಳಿಯ ಪಂಚೆಯ ಮೇಲೊಂದಿಷ್ಟು ತುಳುಕಿತು.

“ಥೂ, ಜಾಸ್ತಿ ಉಯ್ಕೊಂಬುಟ್ಟಿವ್ನಿ ಕಣ್ಲಾ,” ಅಂದ ಅಣ್ಣ, ತಟ್ಟೆಯಿಂದ ಕಣ್ಣು ತೆಗೆಯದೆ.

“ಎಷ್ಟು ಉಯ್ಕೊಬೇಕು ಅಂತ ನಿಂಗೆ ಎಂಗ್ ಗೊತ್ತಾದದು ಮಗ,” ಅಂದಳು ಅವ್ವ, ಅವನಿಗೆ ದಾರಿ ಬಿಡಲು ತನ್ನ ಕಾಲನ್ನು ಮಡಿಸಿಕೊಳ್ಳುತ್ತ. “ಯಾವತ್ತಾರ ಎತ್ತಿದ್ರಲ್ವಾ.”

ಅಣ್ಣ ನಕ್ಕನೋ ನಾಚಿದನೋ, ನನಗೆ ಅವನ ಬೆನ್ನು ಮಾತ್ರ ಕಾಣುತ್ತಿತ್ತು. ಬಕೆಟ್ಟಿಗೆ ನೀರು ಬಿದ್ದ ಸದ್ದು ಕೇಳಿಸಿತು. ಕಿಟಕಿಯ ಬೆಳಕಿನಲ್ಲಿ ಸುಜಾತ ಎದ್ದಿರಲಿಲ್ಲ. ಅವಳ ಬೆರಳ ಸುತ್ತ ಕೆಂಪು ರೇಷ್ಮೆ ಎಲ್ಲಿಯೂ ತಡೆಯದೆ ಹರಿದು ಬಂದು, ಗಂಟಾಗಿ, ಮುಂದಿನ ಎಳೆಗೆ ಹೋಯಿತು.